ರಾತ್ರಿ ಪಾಳಿ ಮತ್ತು ಆರೋಗ್ಯ: ಸಣ್ಣ ಸಂಸ್ಥೆಗಳಲ್ಲಿ ಸರದಿಯ ನ್ಯಾಯ

ಸಂಘದ ವಾರ್ಷಿಕ ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗಕ್ಕೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ನನಗೆ ಸಂಕೋಚವೇ ಆಯಿತು. ನಾನು ವೈದ್ಯನಲ್ಲ. ವಾಣಿಜ್ಯ ಶಾಸ್ತ್ರದ ಪದವಿ ಪಡೆದು, ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಬ್ಯಾಂಕಿನ ಜಮಾ-ಖರ್ಚಿನ ನಡುವೆ ಬಾಳಿದವನು. ಆದರೆ ಒಂದು ರೋಗದ ಮದ್ದು ಔಷಧಿಯ ಅಂಗಡಿಗಿಂತ ಹೆಚ್ಚಾಗಿ ಲೆಕ್ಕದ ಪುಸ್ತಕದಲ್ಲಿ ದೊರೆತುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪಾಳಿಯಲ್ಲಿ ದುಡಿಯುವವರೂ, ಪಾಳಿಯಲ್ಲಿ ದುಡಿಸುವವರೂ ನಮ್ಮ ಸಂಘದಲ್ಲಿ ಅನೇಕರಿರುವುದರಿಂದ ಆ ಸಂಗತಿಯನ್ನು ವಾಚಕರ ಮುಂದಿಡುವುದು ಉಪಯುಕ್ತವೆಂದು ತಿಳಿದಿದ್ದೇನೆ.

ಪಾಳಿಯ ಊರು

ಖಡಕಿಯನ್ನು ಪಾಳಿಯ ಊರೆಂದೇ ಕರೆಯಬಹುದು. 1817ರ ನವೆಂಬರ್ 5ರಂದು ಪೇಶ್ವೆಯ ಸೈನ್ಯಕ್ಕೂ ಆಂಗ್ಲರಿಗೂ ಕಾಳಗ ನಡೆದ ಈ ನೆಲದಲ್ಲಿ ಮುಂದೆ ದಂಡು ನೆಲೆಯೂರಿತು. 1869ರಲ್ಲಿ ಮದ್ದುಗುಂಡಿನ ಕಾರ್ಖಾನೆ ಸ್ಥಾಪಿತವಾಯಿತು. 1946ರಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಇಲ್ಲಿಯೇ ಜನ್ಮತಾಳಿತು. ಆ ಉದ್ಯಮ ಪರಂಪರೆಯ ಮೂಲಪುರುಷರಾದ ಲಕ್ಷ್ಮಣರಾವ್ ಕಿರ್ಲೋಸ್ಕರರು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರೆಂಬುದು ಇಲ್ಲಿನ ಕನ್ನಡಿಗರಿಗೆ ಅಭಿಮಾನದ ವಿಷಯ. 1954ರಲ್ಲಿ ಪಕ್ಕದ ಪಿಂಪರಿಯಲ್ಲಿ ಹಿಂದುಸ್ಥಾನ್ ಆಂಟಿಬಯೋಟಿಕ್ಸ್ ಬಂದಿತು. ಇಂಥ ದೊಡ್ಡ ಮರಗಳ ನೆರಳಿನಲ್ಲಿ ನೂರಾರು ಸಣ್ಣ ಗಿಡಗಳು ಬೆಳೆದವು: ಐದಾರು ಯಂತ್ರಗಳ ವರ್ಕ್‌ಶಾಪುಗಳು, ಔಷಧಿಯ ಅಂಗಡಿಗಳು, ಹತ್ತು ಹಾಸಿಗೆಗಳ ನರ್ಸಿಂಗ್ ಹೋಮುಗಳು, ಪೆಟ್ರೋಲ್ ಬಂಕುಗಳು, ಉಡುಪಿ ಹೋಟೆಲುಗಳು.

ದೊಡ್ಡ ಕಾರ್ಖಾನೆಯಲ್ಲಿ ಪಾಳಿಗೆ ಫಲಕವಿರುತ್ತದೆ, ಕಾರ್ಮಿಕ ಸಂಘವಿರುತ್ತದೆ, ದೂರು ಕೇಳಲೊಬ್ಬ ಅಧಿಕಾರಿಯಿರುತ್ತಾನೆ. ಆರೇಳು ಜನರಿರುವಲ್ಲಿ ಇವೊಂದೂ ಇರುವುದಿಲ್ಲ. ಅಲ್ಲಿ ಮಾಲೀಕನ ಬಾಯಿಮಾತೇ ಫಲಕ. ಎಲ್ಲರೂ ಒಂದೇ ಮನೆಯವರಂತೆ ಇದ್ದೇವೆಂಬ ಮಾತು ಅಲ್ಲಿ ಮೇಲಿಂದ ಮೇಲೆ ಕೇಳಿಬರುತ್ತದೆ. ಆ ಮಾತಿನ ದಾಕ್ಷಿಣ್ಯಕ್ಕೆ ಸಿಕ್ಕಿ, ಬಾಯಿಲ್ಲದವನು ಹೆಚ್ಚಿನ ರಾತ್ರಿಗಳನ್ನು ಹೊರುತ್ತಾನೆ.

ಪಾಳಿ ಎಂಬುದು ಕನ್ನಡ, ಮರಾಠಿ ಎರಡರಲ್ಲಿಯೂ ಬಳಕೆಯಲ್ಲಿರುವ ಶಬ್ದ. ಪಾಳಿ ಎಂದರೆ ಸರದಿ. ಅಣ್ಣತಮ್ಮಂದಿರು ಹೊಲ ಪಾಲಾದ ಮೇಲೂ ಒಂದೇ ಬಾವಿಯ ನೀರನ್ನು ಪಾಳಿಯ ಮೇಲೆ ಹಾಯಿಸಿಕೊಳ್ಳುವ ಪದ್ಧತಿಯನ್ನು ಉತ್ತರ ಕರ್ನಾಟಕದಿಂದ ಬಂದ ಯಾರನ್ನು ಕೇಳಿದರೂ ಹೇಳಿಯಾರು. ಒಬ್ಬನ ಹೊಲಕ್ಕೇ ನೀರು ಹರಿಯುತ್ತಿದ್ದರೆ ಅದನ್ನು ಯಾರೂ ಪಾಳಿ ಎನ್ನುವುದಿಲ್ಲ. ಹಾಗೆಯೇ, ತಿರುಗದ ರಾತ್ರಿ ಪಾಳಿಯೂ ಪಾಳಿಯಲ್ಲ.

ಒಂದು ಪ್ರಸಂಗ

ಕೆಲವು ವರ್ಷಗಳ ಹಿಂದೆ ನಮ್ಮ ಸಂಘದವರು ಏರ್ಪಡಿಸಿದ್ದ ಉಚಿತ ಆರೋಗ್ಯ ತಪಾಸಣಾ ಶಿಬಿರದಲ್ಲಿ ಹೆಸರು ಬರೆದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ವಿಜಯಪುರ ಜಿಲ್ಲೆಯ ಕಡೆಯ ತರುಣನೊಬ್ಬ ಬಂದು ಕುಳಿತ. ವಯಸ್ಸು ಇಪ್ಪತ್ತಾರು. ಹೊಟ್ಟೆಯುರಿ, ಊಟ ಸೇರದು, ತಲೆನೋವು ಎಂದು ಬರೆಸಿದ. ಎಡಗೈಯ ಕಿರುಬೆರಳಿಗೆ ಪಟ್ಟಿ ಸುತ್ತಿತ್ತು. ಅದೇನೆಂದು ಕೇಳಿದರೆ, ಮಶೀನಿಗೆ ತಾಗಿತೆಂದು ಸಣ್ಣದಾಗಿ ಹೇಳಿದ. ಬೆರಳಿನ ತುದಿ ಹೋಗಿತ್ತು.

ವೈದ್ಯೆ ಅವನ ಹೊಟ್ಟೆಯನ್ನು ಮುಟ್ಟಿ ನೋಡುವ ಮೊದಲೇ, ದಿನವೂ ಯಾವ ಹೊತ್ತಿಗೆ ಮಲಗುತ್ತೀಯೆಂದು ಕೇಳಿದರು. ಅವನು ನಕ್ಕುಬಿಟ್ಟ. "ಮಲಗೂದು ಎಲ್ಲಿದ್ರೀ ಡಾಕ್ಟರ್ರ? ರೂಮಿನ್ಯಾಗ ಐದು ಮಂದಿ ಅದೀವ್ರಿ. ನಾ ಮಲಗೂ ಹೊತ್ತಿಗೆ ಅವರು ಏಳತಾರ. ಎರಡ ತಿಂಗಳಾತು, ರಾತ್ರಿ ಪಾಳಿನೇ ನಡದೈತ್ರಿ."

ಅವನು ದುಡಿಯುತ್ತಿದ್ದ ಘಟಕದ ಮಾಲೀಕರು ನನಗೆ ಪರಿಚಿತರು, ನಮ್ಮವರೇ, ಕೆಟ್ಟವರಲ್ಲ. ಅಲ್ಲಿ ಆರು ಮಂದಿ ಯಂತ್ರ ನಡೆಸುವವರು. ಬೆಳಿಗ್ಗೆ 7ರಿಂದ ಮಧ್ಯಾಹ್ನ 3, ಅಲ್ಲಿಂದ ರಾತ್ರಿ 11, ಅಲ್ಲಿಂದ ಮತ್ತೆ ಬೆಳಿಗ್ಗೆ 7. ಒಂದೊಂದು ಪಾಳಿಗೆ ಇಬ್ಬರು. ವಾರದ ರಜೆ ಗುರುವಾರ. ನಾನು ಹೋಗಿ ವಿಚಾರಿಸಿದಾಗ ಅವರು, "ಪಾಳಿ ತಿರುಗುತ್ತಲೇ ಇರುತ್ತದೆ, ಎಲ್ಲರಿಗೂ ಸಮನಾಗಿಯೇ ಹಂಚಿದ್ದೇನೆ" ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ, ಹಾಗೆಂದೇ ನಂಬಿದ್ದರು. ಸಾಲದ ವಿಷಯಕ್ಕೂ ಈ ವಿಷಯಕ್ಕೂ ಸಂಬಂಧವಿಲ್ಲವೆಂದು ಮೊದಲೇ ಸ್ಪಷ್ಟಪಡಿಸಿ, ಅವರ ಒಪ್ಪಿಗೆಯಿಂದ ಹಾಜರಿ ಪುಸ್ತಕವನ್ನು ತೆರೆಸಿದೆ. ಇಬ್ಬರೂ ಕುಳಿತು ಹಿಂದಿನ ಮೂರು ತಿಂಗಳ, ಎಂದರೆ 13 ವಾರಗಳ ರಾತ್ರಿಗಳನ್ನು ಹೆಸರಿನ ಮುಂದೆ ಗೀಟು ಹಾಕಿ ಎಣಿಸಿದೆವು.

ವಾರಕ್ಕೆ ಇಬ್ಬರಂತೆ ಒಟ್ಟು 26 ರಾತ್ರಿವಾರಗಳು. ಊರಿಂದ ಬಂದ ಇಬ್ಬರು ಅವಿವಾಹಿತ ತರುಣರ ಪಾಲಿಗೆ ತಲಾ 9. ಮಿಕ್ಕ ನಾಲ್ವರ ಪಾಲಿಗೆ ಕ್ರಮವಾಗಿ 4, 2, 2 ಮತ್ತು ಸೊನ್ನೆ. ಬೆರಳಿಗೆ ಪೆಟ್ಟಾದುದು ಸತತವಾದ ಐದನೆಯ ರಾತ್ರಿವಾರದಲ್ಲಿ, ಬೆಳಗಿನ ಜಾವ ನಾಲ್ಕೂವರೆಗೆ. ಆ ದಿನದ ಟಿಪ್ಪಣಿಯಲ್ಲಿ ಅಜಾಗರೂಕತೆ ಎಂದು ಬರೆದಿತ್ತು. ಮಾಲೀಕರು ಬಹಳ ಹೊತ್ತು ಆ ಪುಟವನ್ನೇ ನೋಡುತ್ತಿದ್ದರು. "ಹೆಂಡತಿ ಮಕ್ಕಳಿಲ್ಲದ ಹುಡುಗರು, ಅವರಿಗೇನು ತೊಂದರೆ ಎಂದುಕೊಂಡಿದ್ದೆ" ಎಂದರು.

ಸಣ್ಣ ಸಂಸ್ಥೆಗಳಲ್ಲಿ ಅನ್ಯಾಯವು ಸಾಮಾನ್ಯವಾಗಿ ಹೀಗೆಯೇ ನಡೆಯುತ್ತದೆ. ಅದಕ್ಕೆ ದುರುದ್ದೇಶವೇ ಬೇಕೆಂದಿಲ್ಲ. ಕೇಳಿದವನಿಗೆ ವಿನಾಯಿತಿ, ಕೇಳದವನಿಗೆ ರಾತ್ರಿ, ಮತ್ತು ಯಾರ ಬಳಿಯೂ ಲೆಕ್ಕವಿಲ್ಲ.

ದೇಹದೊಳಗಿನ ಗಡಿಯಾರ

ರಾತ್ರಿಯ ನಿದ್ರೆಯನ್ನು ಹಗಲಿನಲ್ಲಿ ತೀರಿಸಿಕೊಂಡರಾಯಿತು ಎಂಬ ಭಾವನೆ ಸರ್ವೇಸಾಮಾನ್ಯ. ಅದು ತಪ್ಪೆಂದು ವಿಜ್ಞಾನವು ಸಿದ್ಧಪಡಿಸಿದೆ. ನಮ್ಮ ದೇಹದ ಜೀವಕೋಶಗಳಲ್ಲಿ ಸುಮಾರು 24 ಗಂಟೆಗಳ ಒಂದು ಗಡಿಯಾರವಿದೆ. ಅದು ಹೇಗೆ ನಡೆಯುತ್ತದೆಂಬುದನ್ನು ಹಣ್ಣಿನ ನೊಣಗಳಲ್ಲಿ ಶೋಧಿಸಿದ ಹಾಲ್, ರಾಸ್‌ಬಾಷ್ ಮತ್ತು ಯಂಗ್ ಎಂಬ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ನಮ್ಮ ದೇಶದಲ್ಲಿಯೂ ಎಂ. ಕೆ. ಚಂದ್ರಶೇಖರನ್ ಅವರು ಮಧುರೈಯಲ್ಲಿ ಬಾವಲಿಗಳ ಮೇಲೆ ಪ್ರಯೋಗ ನಡೆಸಿ, ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರದಲ್ಲಿ ಇದೇ ವಿಷಯದ ಅಧ್ಯಯನವನ್ನು ಬೆಳೆಸಿದರು.

ಈ ಗಡಿಯಾರಕ್ಕೆ ಕೀಲಿ ಕೊಡುವುದು ಸೂರ್ಯನ ಬೆಳಕು. ಬೆಳಗಿನ ಜಾವ ನಾಲ್ಕೈದು ಗಂಟೆಯ ಸುಮಾರಿಗೆ ದೇಹದ ಉಷ್ಣತೆ ಅತ್ಯಂತ ಕಡಿಮೆಯಾಗಿ, ಎಚ್ಚರವೂ ಕುಗ್ಗುತ್ತದೆ. ರಾತ್ರಿ ಪಾಳಿಯವನು ಹಗಲು ಮಲಗಿದರೂ ಹೊರಗಿನ ಬೆಳಕು, ಸದ್ದು ಮತ್ತು ಒಳಗಿನ ಗಡಿಯಾರ ಮೂರೂ ಸೇರಿ ಅವನನ್ನು ಎಬ್ಬಿಸುತ್ತವೆ; ಅವನ ನಿದ್ರೆ ಒಂದರಿಂದ ನಾಲ್ಕು ಗಂಟೆಗಳಷ್ಟು ಕಡಿಮೆಯಾಗುತ್ತದೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಇದೊಂದು ಸಾಲ. ದಿನದಿನಕ್ಕೂ ಬಾಕಿ ಬೆಳೆಯುತ್ತದೆ. ಸತತವಾಗಿ 17 ಗಂಟೆಗಳ ಕಾಲ ಎಚ್ಚರವಿದ್ದವನ ಚುರುಕುತನವು ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯವಿರುವವನ ಮಟ್ಟಕ್ಕೆ ಇಳಿಯುತ್ತದೆಂದು 1997ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಯಂತ್ರದ ಮುಂದೆ ನಿಂತವನಿಗೂ, ಪಾಳಿ ಮುಗಿಸಿ ಮೋಟಾರ್ ಸೈಕಲ್ ಏರುವವನಿಗೂ ಇದು ನೆನಪಿರಬೇಕು.

ದೀರ್ಘಕಾಲದ ಪರಿಣಾಮಗಳೂ ಇವೆ. ಆಮ್ಲಪಿತ್ತ, ಅಜೀರ್ಣ, ಮಧುಮೇಹ, ಹೃದ್ರೋಗ ಇವು ಪಾಳಿಯ ಕೆಲಸಗಾರರಲ್ಲಿ ಹೆಚ್ಚಾಗಿ ಕಂಡುಬರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ರಾತ್ರಿ ಪಾಳಿಯ ಕೆಲಸವನ್ನು 2007ರಲ್ಲಿ 'ಪ್ರಾಯಶಃ ಕ್ಯಾನ್ಸರ್‌ಕಾರಕ' ಎಂಬ ವರ್ಗಕ್ಕೆ ಸೇರಿಸಿ, 2019ರಲ್ಲಿ ಪುನಃ ಪರಿಶೀಲಿಸಿ ಅದೇ ವರ್ಗದಲ್ಲಿ ಉಳಿಸಿತು. ರಾತ್ರಿ ದುಡಿದವರಿಗೆಲ್ಲ ರೋಗ ಬರುತ್ತದೆಂದು ಇದರ ಅರ್ಥವಲ್ಲ; ಆಸ್ಪತ್ರೆ, ರೈಲು, ವಿದ್ಯುತ್ತು ಇವು ರಾತ್ರಿಯೂ ನಡೆಯಲೇಬೇಕು. ರಾತ್ರಿಯ ಕೆಲಸವೊಂದು ಹೊರೆ, ಅದನ್ನು ಒಬ್ಬನ ಹೆಗಲಿಗೇ ಹೊರಿಸಬಾರದು ಎಂಬುದಿಷ್ಟೇ ಅರ್ಥ. ಪಾಳಿ ಹಂಚುವುದು ಬರಿಯ ಶಿಸ್ತಿನ ಪ್ರಶ್ನೆಯಾಗಿರದೆ ಆರೋಗ್ಯದ ಪ್ರಶ್ನೆಯೂ ಆಗಿರುವುದು ಈ ಕಾರಣದಿಂದಲೇ.

ಕಾಯಿದೆ ಎಲ್ಲಿಯವರೆಗೆ?

ದುಡಿಯುವವನ ವಿಶ್ರಾಂತಿಗಾಗಿ ಈ ಪ್ರಾಂತದಲ್ಲಿ ನಡೆದ ಹೋರಾಟ ಹಳೆಯದು. ಮಹಾತ್ಮಾ ಫುಲೆಯವರ ಸಂಗಾತಿಗಳಾಗಿದ್ದ ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರನ್ನು ಸಂಘಟಿಸಿದರು. 1890ರ ಜೂನ್ 10ರಂದು ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. 1946ರಲ್ಲಿ, ಡಾ. ಅಂಬೇಡ್ಕರರು ವೈಸ್‌ರಾಯರ ಮಂಡಲಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ, ಕಾರ್ಖಾನೆಗಳಿಗೆ ವಾರಕ್ಕೆ 48 ಗಂಟೆಗಳ ಮಿತಿ ಬಂದಿತು. 1948ರ ಕಾರ್ಖಾನೆ ಕಾಯಿದೆಯು ಇನ್ನೂ ಸೂಕ್ಷ್ಮವಾಗಿ ಯೋಚಿಸಿ, ಮಧ್ಯರಾತ್ರಿಯನ್ನು ದಾಟುವ ಪಾಳಿಯವನ ರಜೆಯನ್ನು ಅವನ ಪಾಳಿ ಮುಗಿದ ಗಳಿಗೆಯಿಂದ 24 ಗಂಟೆಗಳೆಂದು ಎಣಿಸಬೇಕೆಂದು ವಿಧಿಸಿತು.

ಈ ಕೊನೆಯ ಮಾತನ್ನು ವಾಚಕರು ಗಮನಿಸಬೇಕು. ನಮ್ಮ ತರುಣನು ಗುರುವಾರ ಬೆಳಿಗ್ಗೆ 7ಕ್ಕೆ ಹೊರಬಿದ್ದು ಅದೇ ರಾತ್ರಿ 11ಕ್ಕೆ ಪುನಃ ಹಾಜರಾಗುತ್ತಿದ್ದ. ಮಾಲೀಕರ ಪುಸ್ತಕದಲ್ಲಿ ಅದು ಒಂದು ದಿನದ ರಜೆ. ಲೆಕ್ಕ ಹಾಕಿದರೆ 16 ಗಂಟೆ ಮಾತ್ರ. ಅದರಲ್ಲಿ ಅರ್ಧ ನಿದ್ರೆಗೇ ಹೋಗಬೇಕು.

ಆದರೆ ಕಾಯಿದೆಗಳ ಛತ್ರವು ಸಣ್ಣ ಸಂಸ್ಥೆಗಳ ಮೇಲಿಂದ ಕ್ರಮೇಣ ಸರಿಯುತ್ತ ಬಂದಿದೆ. 1948ರ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ಸಣ್ಣ ಅಂಗಡಿಗಳನ್ನೂ ಒಳಗೊಂಡಿತ್ತು. ಅದರ ಸ್ಥಾನದಲ್ಲಿ ಬಂದ 2017ರ ಮಹಾರಾಷ್ಟ್ರ ಕಾಯಿದೆಯು ತನ್ನ ನಿಯಮಗಳನ್ನು ಹತ್ತು ಅಥವಾ ಹೆಚ್ಚು ಜನರಿರುವಲ್ಲಿಗೆ ಸೀಮಿತಗೊಳಿಸಿತು. 2025ರ ತಿದ್ದುಪಡಿಯು ಆ ಸಂಖ್ಯೆಯನ್ನು ಇಪ್ಪತ್ತಕ್ಕೂ, ದಿನದ ದುಡಿಮೆಯ ಮಿತಿಯನ್ನು 9ರಿಂದ 10 ಗಂಟೆಗಳಿಗೂ ಏರಿಸಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ಕಾರ್ಮಿಕ ಸಂಹಿತೆಗಳಲ್ಲಿಯೂ ವಿದ್ಯುಚ್ಛಕ್ತಿ ಬಳಸುವ ಕಾರ್ಖಾನೆಯೆಂದರೆ 10ರ ಬದಲು 20 ಜನರಿರಬೇಕು. ಕನಿಷ್ಠ ವೇತನಕ್ಕೆ ಮಾತ್ರ ಜನಸಂಖ್ಯೆಯ ಮಿತಿಯಿಲ್ಲ. ಒಬ್ಬನೇ ನೌಕರನಿದ್ದರೂ ಅದು ಅನ್ವಯಿಸುತ್ತದೆ.

ಹೀಗಾಗಿ ಆರು ಜನರ ವರ್ಕ್‌ಶಾಪಿನಲ್ಲಿ ಯಾರ ರಾತ್ರಿ ಎಷ್ಟು ಎಂಬುದನ್ನು ಹೇಳಲು ಯಾವ ಇನ್‌ಸ್ಪೆಕ್ಟರನೂ ಬರುವುದಿಲ್ಲ. ಕಾಯಿದೆ ಇಲ್ಲವೆಂದ ಮಾತ್ರಕ್ಕೆ ನ್ಯಾಯ ಬೇಡವೆಂದಾಗಲಿಲ್ಲ. ಅದನ್ನು ಒಳಗಿನವರೇ ಕಟ್ಟಿಕೊಳ್ಳಬೇಕು.

ರಾತ್ರಿಯ ಖಾತೆ ಪುಸ್ತಕ

ಸರದಿಯನ್ನು ಹೇಗೆ ಕಟ್ಟಬೇಕೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ಪ್ರಸಿದ್ಧ ಮಾದರಿಯಿದೆ. ಉಡುಪಿಯ ಶ್ರೀಕೃಷ್ಣ ಮಠದ ಪೂಜೆ ಎಂಟು ಮಠಗಳಲ್ಲಿ ಸರದಿಯಂತೆ ತಿರುಗುತ್ತದೆ. ಮೊದಲು ಒಂದೊಂದು ಮಠಕ್ಕೆ ಎರಡು ತಿಂಗಳಿದ್ದ ಅವಧಿಯನ್ನು ಶ್ರೀ ವಾದಿರಾಜರು 1522ರಲ್ಲಿ ಎರಡು ವರ್ಷಗಳಿಗೆ ವಿಸ್ತರಿಸಿದರು. 16 ವರ್ಷಗಳಿಗೊಂದು ಸುತ್ತು. ಯಾರ ನಂತರ ಯಾರು ಎಂಬುದು ಮೊದಲೇ ಗೊತ್ತು. ಆದ್ದರಿಂದ ಪ್ರತಿ ಸಲವೂ ಚೌಕಾಸಿ ಮಾಡಬೇಕಾಗಿಲ್ಲ. ಕ್ರಮವು ಮೊದಲೇ ತಿಳಿದಿರಬೇಕು, ಎಲ್ಲರಿಗೂ ತಿಳಿದಿರಬೇಕು, ಸುತ್ತು ಪೂರ್ಣವಾಗಬೇಕು. ಈ ಮೂರು ಗುಣಗಳು ಆರು ಜನರ ವರ್ಕ್‌ಶಾಪಿಗೂ ಸಲ್ಲುತ್ತವೆ.

ಆ ಮಾಲೀಕರಿಗೆ ನಾನು ಒಂದು ಉದ್ದ ಗೀಟಿನ ಪುಸ್ತಕವನ್ನು ಕೊಟ್ಟೆ. ಮೂರು ತಿಂಗಳಿಗೆ ಒಂದು ಪುಟ. ಎಡಗಡೆ ಆರು ಹೆಸರು. ಮೇಲ್ಗಡೆ ಐದು ಅಂಕಣ: ಹಿಂದಿನ ಶಿಲ್ಕು, ರಾತ್ರಿವಾರಗಳು, ಹಬ್ಬದ ದಿನದ ಕೆಲಸ, ರದ್ದಾದ ರಜೆ, ಮತ್ತು ಎರಡು ಪಾಳಿಗಳ ನಡುವೆ 11 ಗಂಟೆಗಿಂತ ಕಡಿಮೆ ಬಿಡುವು ದೊರೆತ ಸಂದರ್ಭಗಳು. ರಾತ್ರಿ 11ಕ್ಕೆ ಬಿಟ್ಟವನನ್ನು ಬೆಳಿಗ್ಗೆ 7ಕ್ಕೆ ಕರೆಸಿದರೆ ಬಿಡುವು 8 ಗಂಟೆಯಷ್ಟೇ. ಹೋಗಿಬರುವುದು, ಊಟ, ಸ್ನಾನ ಕಳೆದರೆ ನಿದ್ರೆಗೆ ಐದು ಗಂಟೆಯೂ ಉಳಿಯದು.

ಲೆಕ್ಕ ಸರಳ. 26ನ್ನು ಆರು ಜನರಿಗೆ ಹಂಚಿದರೆ ತಲೆಗೆ 4, ಉಳಿದದ್ದು 2. ಆ ಎರಡನ್ನು ಈ ಸಲ ಹೊತ್ತ ಇಬ್ಬರಿಗೆ ಅದು ಜಮೆಯಾಗಿ ಮುಂದಿನ ಪುಟದ ಶಿಲ್ಕಿಗೆ ಹೋಗುತ್ತದೆ. ಹೀಗೆ ಮೂರು ಪುಟ ಮುಗಿಯುವಾಗ 39 ವಾರಗಳ 78 ರಾತ್ರಿವಾರಗಳು ತಲೆಗೆ 13ರಂತೆ ಸರಿಯಾಗಿ ತೀರುತ್ತವೆ. ಒಂದು ವಾರ ಹೆಚ್ಚಾಯಿತೆಂದು ಯಾರೂ ಜಗಳವಾಡಬೇಕಾಗಿಲ್ಲ, ಹೆಚ್ಚಾದದ್ದು ಪುಸ್ತಕದಲ್ಲಿದೆ.

ಆದರೆ ಸಮಪಾಲು ಎಲ್ಲ ಕಾಲಕ್ಕೂ ನ್ಯಾಯವಲ್ಲವೆಂಬುದು ಮರುದಿನವೇ ತಿಳಿಯಿತು. ಸೊನ್ನೆ ಬಿದ್ದಿದ್ದ ಹಿರಿಯರು ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುವವರು. ರಾತ್ರಿ ಕೆಲಸ ಬೇಡವೆಂದು ವೈದ್ಯರು ಬರೆದುಕೊಟ್ಟಿದ್ದರು. ಅದು ಮಾಲೀಕರಿಗೊಬ್ಬರಿಗೇ ಗೊತ್ತಿದ್ದು, ಮಿಕ್ಕವರು ಅವರನ್ನು ಒಳಗೊಳಗೇ ಶಪಿಸುತ್ತಿದ್ದರು. ರೋಗದ ವಿವರವನ್ನು ಸಾರಬೇಕಾಗಿಲ್ಲ. ವೈದ್ಯರ ಪತ್ರದ ಮೇರೆಗೆ ವಿನಾಯಿತಿ ಎಂದು ಅವರ ಹೆಸರಿನ ಮುಂದೆ ಬರೆದರೆ ಸಾಕು. ಅವರು ತಾವಾಗಿಯೇ ಹಬ್ಬದ ದಿನಗಳ ಹಗಲು ಪಾಳಿಯನ್ನು ಹೆಚ್ಚಾಗಿ ವಹಿಸಿಕೊಳ್ಳಲು ಮುಂದೆ ಬಂದರು.

ಇನ್ನೊಂದು ಸಂಗತಿ ನನಗೆ ಅನಿರೀಕ್ಷಿತವಾಗಿತ್ತು. ಒಂಬತ್ತು ವಾರ ದುಡಿದಿದ್ದ ಎರಡನೆಯ ತರುಣ ಸಂಜೆ ನನ್ನನ್ನು ಹುಡುಕಿಕೊಂಡು ಬಂದ. "ಸಾಹೇಬ್ರ, ನನ್ನ ರಾತ್ರಿ ಕಸಗೋಬ್ಯಾಡ್ರಿ. ಆ ಭತ್ಯೆದಾಗ ತಂಗಿ ಸಾಲಿ ಫೀ ನಡದೈತ್ರಿ" ಎಂದ. ನಾನು ನ್ಯಾಯವೆಂದು ಭಾವಿಸಿದ್ದು ಅವನ ಮನೆಯ ಖರ್ಚಿಗೆ ಕತ್ತರಿಯಾಗುತ್ತಿತ್ತು. ಆರು ಮಂದಿಯನ್ನೂ ಕೂಡಿಸಿ ಮಾತನಾಡಿದ ಮೇಲೆ ಒಂದು ಒಪ್ಪಂದವಾಯಿತು. ಸ್ವಇಚ್ಛೆಯಿಂದ ಕೇಳಿದವನಿಗೆ ಮೂರು ತಿಂಗಳಲ್ಲಿ ಹೆಚ್ಚೆಂದರೆ 6 ರಾತ್ರಿವಾರಗಳು, ಅದೂ ಒಂದರ ಬೆನ್ನಿಗೆ ಒಂದು ಬಾರದಂತೆ. ಪ್ರತಿ ಪುಟದ ಆರಂಭದಲ್ಲಿ ಅವನ ಇಚ್ಛೆಯನ್ನು ಹೊಸದಾಗಿ ಕೇಳಬೇಕು. ಹಿರಿಯರಿಗೆ ಸೊನ್ನೆ, ಅವನಿಗೆ 6, ಮಿಕ್ಕ ನಾಲ್ವರಿಗೆ ಐದೈದು: ಒಟ್ಟು 26. ಒಂಬತ್ತು ವಾರಗಳ ಭತ್ಯೆಯನ್ನು ಆರರಲ್ಲಿ ಕೊಡಬೇಕಾದರೆ ಭತ್ಯೆ ಒಂದೂವರೆ ಪಟ್ಟಾಗಬೇಕಿತ್ತು. ಮಾಲೀಕರು ಕಾಲುಭಾಗ ಮಾತ್ರ ಏರಿಸಲು ಒಪ್ಪಿದರು. ಅವನಿಗೆ ಪೂರ್ಣ ಸಮಾಧಾನವಾಗಲಿಲ್ಲ. ಅವನ ಅಸಮಾಧಾನ ನ್ಯಾಯವಾದುದೇ ಎಂದು ನಾನು ಇಂದಿಗೂ ತಿಳಿದಿದ್ದೇನೆ.

ಪಾಳಿ ಹಂಚುವವರಿಗೆ

1. ಪಾಳಿಪಟ್ಟಿಯನ್ನು ಕಡೇಪಕ್ಷ ಹದಿನೈದು ದಿನ ಮುಂಚಿತವಾಗಿ ಗೋಡೆಗೆ ಹಚ್ಚಿರಿ. ಫೋನಿನಲ್ಲಿ ಸಂಜೆ ತಿಳಿಸಿ ರಾತ್ರಿ ಕರೆಸುವ ಅಭ್ಯಾಸವನ್ನು ಬಿಡಿರಿ.

2. ಸರದಿಯು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಕ್ರಮದಲ್ಲಿ ಮುಂದಕ್ಕೆ ತಿರುಗಲಿ. ಬೇಗ ಮಲಗುವುದಕ್ಕಿಂತ ತಡವಾಗಿ ಮಲಗುವುದು ದೇಹಕ್ಕೆ ಸುಲಭ. ಅಮೆರಿಕದ ಯೂಟಾ ರಾಜ್ಯದ ಖನಿಜ ಕಾರ್ಖಾನೆಯೊಂದರಲ್ಲಿ ಹಿಮ್ಮುಖವಾಗಿದ್ದ ಸರದಿಯನ್ನು ಮುಮ್ಮುಖಗೊಳಿಸಿ, ಬದಲಾವಣೆಯ ಅವಧಿಯನ್ನು ಹಿಗ್ಗಿಸಿದಾಗ ಕೆಲಸಗಾರರ ತೃಪ್ತಿಯೂ ಉತ್ಪಾದನೆಯೂ ಹೆಚ್ಚಿದವೆಂದು 1982ರಲ್ಲಿ ವರದಿಯಾಯಿತು. ಒಂದೇ ಪಾಳಿಯಲ್ಲಿ ಎಷ್ಟು ದಿನ ಇರಿಸಬೇಕೆಂಬುದರಲ್ಲಿ ತಜ್ಞರಲ್ಲಿ ಏಕಾಭಿಪ್ರಾಯವಿಲ್ಲ. ನಿದ್ರೆಯ ಬಾಕಿ ಬೆಳೆಯದಂತೆ ಎರಡು ಮೂರು ರಾತ್ರಿಗಳೇ ಸಾಕೆನ್ನುವವರೂ ಉಂಟು. ದುಡಿಯುವವರನ್ನೇ ಕೇಳಿ ನಿರ್ಧರಿಸುವುದು ಲೇಸು.

3. ಒಬ್ಬರು ಬಾರದಿದ್ದರೆ ಪಾಳಿ ಮುಗಿಸಿದವನನ್ನೇ ಹದಿನಾರು ಗಂಟೆ ನಿಲ್ಲಿಸಬೇಡಿರಿ. ಎಂಟು ಗಂಟೆಯ ಕೆಲಸವನ್ನು ಇಬ್ಬರಿಗೆ ನಾಲ್ಕು ನಾಲ್ಕರಂತೆ ಹಂಚಿರಿ.

4. ಹಬ್ಬಗಳ ಪಟ್ಟಿಯನ್ನು ವರ್ಷಾರಂಭದಲ್ಲಿಯೇ ಮಾಡಿರಿ. ಗಣೇಶ ಚತುರ್ಥಿ, ಸಂಕ್ರಾಂತಿ, ರಂಜಾನ್, ಕ್ರಿಸ್‌ಮಸ್, ಅಂಬೇಡ್ಕರ್ ಜಯಂತಿ ಇವುಗಳಲ್ಲಿ ಯಾರಿಗೆ ಯಾವುದು ಮುಖ್ಯವೆಂದು ಕೇಳಿದರೆ, ಖಡಕಿಯಂಥ ಊರಿನಲ್ಲಿ ಒಬ್ಬರ ಹಬ್ಬಕ್ಕೆ ಇನ್ನೊಬ್ಬರು ಒದಗುವುದು ಕಷ್ಟವಲ್ಲ.

5. ಹೋಟೆಲಿನವರು ಒಡೆದ ಪಾಳಿಯ ಲೆಕ್ಕವನ್ನೂ ಇಡಬೇಕು. ಬೆಳಿಗ್ಗೆ ಐದಕ್ಕೆ ಬಂದು ಹನ್ನೊಂದಕ್ಕೆ ಬಿಟ್ಟು, ಸಂಜೆ ನಾಲ್ಕಕ್ಕೆ ಪುನಃ ಬಂದು ಹತ್ತಕ್ಕೆ ಮುಗಿಸುವವನ ದುಡಿಮೆ 12 ಗಂಟೆಯೆಂದು ಕಂಡರೂ ಅವನ ದಿನ 17 ಗಂಟೆ ಹಿಡಿಯುತ್ತದೆ.

ಪಾಳಿಯಲ್ಲಿ ಸಿಲುಕಿದವರಿಗೆ

ಮೊದಲು ನಿಮ್ಮದೇ ಒಂದು ದಿನಚರಿಯನ್ನು ಇಡಿರಿ. ಬಂದ ಹೊತ್ತು, ಬಿಟ್ಟ ಹೊತ್ತು, ರದ್ದಾದ ರಜೆ, ಯಾರ ಬದಲಿಗೆ ಬಂದಿರಿ ಎಂಬುದನ್ನು ಅದೇ ದಿನ ಬರೆಯಿರಿ. ಮೂರು ತಿಂಗಳ ಬರಹಕ್ಕಿರುವ ತೂಕ ಮೂರು ವರ್ಷಗಳ ಗೊಣಗಾಟಕ್ಕಿಲ್ಲ. ಎರಡನೆಯದಾಗಿ, ಪಾಳಿ ಮುಗಿದ ಆಯಾಸದಲ್ಲಿ, ಎಲ್ಲರೆದುರಿಗೆ ಮಾಲೀಕನೊಡನೆ ವಾದಿಸಬೇಡಿರಿ. ಹಗಲು ಹೊತ್ತಿನಲ್ಲಿ, ಕಾಗದ ಹಿಡಿದು ಭೇಟಿಯಾಗಿರಿ. "ನನಗೆ ರಾತ್ರಿ ಬೇಡ" ಎಂದರೆ ಅದು ವಿನಾಯಿತಿಯ ಬೇಡಿಕೆ. ಅದರ ಹೊರೆ ಪಕ್ಕದವನ ಮೇಲೆ ಬೀಳುತ್ತದೆ, ಅವನು ನಿಮ್ಮ ವೈರಿಯಾಗುತ್ತಾನೆ. "ಎಲ್ಲರ ರಾತ್ರಿಗಳನ್ನೂ ಬರೆದಿಡೋಣ" ಎಂದರೆ ಅದು ನಿಯಮದ ಬೇಡಿಕೆ. ಅದಕ್ಕೆ ಇಲ್ಲವೆನ್ನುವುದು ಮಾಲೀಕನಿಗೂ ಕಷ್ಟ. ಜೊತೆಯವರೊಡನೆ ಮೊದಲೇ ಮಾತನಾಡಿಕೊಳ್ಳಿರಿ. ಪಾಳಿಗಳನ್ನು ತಮ್ಮೊಳಗೆ ಬದಲಾಯಿಸಿಕೊಂಡರೆ ಅದನ್ನೂ ಪುಸ್ತಕದಲ್ಲಿ ಕಾಣಿಸಿರಿ. ಮಧುಮೇಹ, ಮೂರ್ಛೆರೋಗ, ಹೃದ್ರೋಗ ಇರುವವರೂ ಗರ್ಭಿಣಿಯರೂ ವೈದ್ಯರ ಪತ್ರವನ್ನು ಪಡೆಯುವುದು ಅವಶ್ಯ. ವೇತನವನ್ನೇ ಹಿಡಿದಿಟ್ಟಾಗ, ಅಥವಾ ಹೆಚ್ಚಿನ ದುಡಿಮೆಗೆ ಹಣ ಬಾರದಾಗ ಕಾರ್ಮಿಕ ಇಲಾಖೆಯ ಕಚೇರಿಗೆ ಲಿಖಿತ ದೂರು ಕೊಡಲು ಅಂಜಬೇಕಾಗಿಲ್ಲ. ಅಲ್ಲಿಯೂ ಮೊದಲು ಕೇಳುವುದು ನಿಮ್ಮ ದಿನಚರಿಯನ್ನೇ.

ರಾತ್ರಿ ದುಡಿಯುವಷ್ಟು ದಿನ ಆರೋಗ್ಯವನ್ನು ಕಾಯ್ದುಕೊಳ್ಳುವುದೂ ಕರ್ತವ್ಯ. ಪಾಳಿಗೆ ಮೊದಲು ಸ್ವಲ್ಪ ಹೊತ್ತು ಮಲಗಿರಿ. ನಡುರಾತ್ರಿಯಲ್ಲಿ ಹೊಟ್ಟೆ ತುಂಬ ಉಣ್ಣದೆ ಲಘುವಾದ ಆಹಾರವನ್ನು ಸೇವಿಸಿರಿ. ಪಾಳಿಯ ಕೊನೆಯ ಮೂರು ನಾಲ್ಕು ಗಂಟೆಗಳಲ್ಲಿ ಚಹಾ ಕಾಫಿ ಬೇಡ. ಮುಂಜಾನೆ ತೂಕಡಿಕೆಯಿದ್ದರೆ ವಾಹನ ಓಡಿಸದೆ ಬಸ್ಸು ಅಥವಾ ಲೋಣಾವಳಾ ಲೋಕಲ್ ಹಿಡಿಯಿರಿ. ಮನೆಗೆ ಬಂದೊಡನೆ ಕಿಟಕಿಗೆ ದಪ್ಪ ಪರದೆ ಎಳೆದು ಮಲಗಿರಿ. ನಿದ್ರೆಗಾಗಿ ಮದ್ಯವನ್ನಾಗಲಿ, ವೈದ್ಯರು ಬರೆದುಕೊಡದ ಗುಳಿಗೆಯನ್ನಾಗಲಿ ಮುಟ್ಟಬೇಡಿರಿ. ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆಯ ಪರೀಕ್ಷೆ ಆಗಲಿ. ಮನೆಯವರೂ, ಕೋಣೆಯ ಸಂಗಡಿಗರೂ ಹಗಲು ಮಲಗಿದವನನ್ನು ಸೋಮಾರಿಯೆಂದು ಎಬ್ಬಿಸದಿರುವುದು ದೊಡ್ಡ ಉಪಕಾರ.

ದೀಪದ ಬುಡದಲ್ಲಿ

ಇಷ್ಟೆಲ್ಲ ಉಪದೇಶ ಮಾಡಿ ನನ್ನ ಶಾಖೆಗೆ ಹಿಂದಿರುಗಿದ ಮೇಲೆ ಒಂದು ಅನುಮಾನ ಕಾಡಿತು. ನಮ್ಮಲ್ಲಿ ರಾತ್ರಿ ಪಾಳಿಯಿಲ್ಲ. ಆದರೆ ತಿಂಗಳ ಕೊನೆಯಲ್ಲಿಯೂ ಮಾರ್ಚ್ ಅಂತ್ಯದಲ್ಲಿಯೂ ತಡವಾಗಿ ನಿಂತು ಲೆಕ್ಕ ಮುಗಿಸುವ ಕೆಲಸವಿರುತ್ತದೆ. ಅದನ್ನು ಹಂಚುವವನು ನಾನೇ. ಏಳು ಜನರ ಹೆಸರು ಬರೆದು ಹಿಂದಿನ ವರ್ಷದ ತಡಸಂಜೆಗಳನ್ನು ಎಣಿಸಿದೆ. ಎಂದೂ ಇಲ್ಲವೆನ್ನದ ಒಬ್ಬ ಗುಮಾಸ್ತೆಯ ಹೆಸರಿನ ಮುಂದೆ ಮಿಕ್ಕ ಯಾರಿಗಿಂತಲೂ ಎರಡು ಪಟ್ಟು ಗೀಟುಗಳು ಬಿದ್ದವು. ಆಕೆಗೆ ವಯಸ್ಸಾದ ಅತ್ತೆಯಿದ್ದರು, ಮನೆ ದೂರವಿತ್ತು. ಕೆಲಸ ಅಚ್ಚುಕಟ್ಟೆಂದು ನಾನು ಆಕೆಯನ್ನು ಹೊಗಳುತ್ತಿದ್ದೆ, ಆ ಹೊಗಳಿಕೆಯನ್ನೇ ಸಂಬಳವೆಂದು ಭಾವಿಸಿದ್ದೆ. ಪರರ ಹಾಜರಿ ಪುಸ್ತಕವನ್ನು ತೆರೆದು ನೋಡಿದ್ದರಿಂದಲೇ ನನ್ನ ಪುಸ್ತಕವನ್ನು ತೆರೆಯುವ ಬುದ್ಧಿ ಬಂದಿತೆಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಆಕೆಯ ಕ್ಷಮೆಯನ್ನು ಕೇಳಿದೆ. ಈಗ ನಮ್ಮ ಶಾಖೆಯಲ್ಲಿಯೂ ಒಂದು ಉದ್ದ ಗೀಟಿನ ಪುಸ್ತಕವಿದೆ.

ಆ ತರುಣನ ಬೆರಳ ತುದಿ ಮತ್ತೆ ಬಾರದು. ಹೊಟ್ಟೆಯ ಗುಳಿಗೆಯನ್ನು ಅವನು ಇನ್ನೂ ಆಗಾಗ ನುಂಗುತ್ತಾನೆ. ಕೆಟ್ಟುಹೋದ ನಿದ್ರೆ ಒಂದು ಪುಟದ ಲೆಕ್ಕದಿಂದ ಸರಿಯಾಗುವುದಿಲ್ಲವೆಂದು ವೈದ್ಯೆ ಹೇಳಿದ್ದಾರೆ. ಆದರೆ ಕಳೆದ ರಾಜ್ಯೋತ್ಸವದ ನಾಟಕಕ್ಕೆ ಅವನು ಬಂದಿದ್ದ. ಅದಕ್ಕೂ ಹಿಂದಿನ ವರ್ಷ ಮೊದಲನೆಯ ಅಂಕ ಮುಗಿಯುವ ಮೊದಲೇ ಕುರ್ಚಿಯಲ್ಲಿ ನಿದ್ದೆಹೋಗಿದ್ದವನು, ಈ ಸಲ ಕೊನೆಯವರೆಗೆ ಕುಳಿತು, ಚಪ್ಪಾಳೆ ತಟ್ಟಿ, ಕುರ್ಚಿಗಳನ್ನು ಎತ್ತಿಡಲು ನಮ್ಮೊಡನೆ ನಿಂತ. ಮರುದಿನ ಅವನದು ಬೆಳಗಿನ ಪಾಳಿ. ಹದಿನೈದು ದಿನ ಮೊದಲೇ ಅದು ಗೋಡೆಯ ಮೇಲಿತ್ತು.

ಪಾಳಿ ಹಂಚುವ ಕೆಲಸ ನಿಮ್ಮ ಕೈಯಲ್ಲಿದ್ದರೆ, ವಾಚಕ ಬಂಧುಗಳೇ, ಈ ಸಂಚಿಕೆಯನ್ನು ಮಡಿಸಿಡುವ ಮೊದಲು ಒಂದು ಹಾಳೆಯ ಮೇಲೆ ಹೆಸರುಗಳನ್ನು ಬರೆದು ಎಣಿಸಿ ನೋಡಿರಿ.